ಗುಡ್ಡ ಇಳಿಯೋ ಭಯ ಹೋಗಬೇಕಾ? ಮೊದಲು ನಿಲ್ಲಿಸೋದು ಕಲಿಯಿರಿ

ಬಳ್ಳಾರಿ ಊರೊಳಗೆ ಸೈಕಲ್ ತುಳಿಯುವವರಿಗೆ ಇಳಿಜಾರು ಅಂದರೆ ರೈಲ್ವೆ ಓವರ್‌ಬ್ರಿಡ್ಜ್ ಅಷ್ಟೇ. ಹಾಗಾಗಿ ಮೊದಲ ಸಲ ಸಂಡೂರಿಗೆ ಹೋಗಿ, ಏದುಸಿರು ಬಿಡುತ್ತಾ ಕುಮಾರಸ್ವಾಮಿ ಗುಡಿ ತನಕ ಹತ್ತಿದವನು, ವಾಪಸ್ ಬರುವಾಗ ಎರಡೂ ಬ್ರೇಕ್ ಒತ್ತಿ ಹಿಡಿದು ಬೆರಳು ಮರಗಟ್ಟಿ, ಕೊನೆಗೆ ಇಳಿದು ಸೈಕಲ್ ತಳ್ಳಿಕೊಂಡು ಬಂದೆ. ಹತ್ತುವಾಗ ತಳ್ಳಿದರೆ ಯಾರೂ ಏನೂ ಅನ್ನಲ್ಲ. ಇಳಿಯುವಾಗ ತಳ್ಳಿದರೆ ದನ ಕಾಯೋ ಹುಡುಗರೂ ನಗುತ್ತಾರೆ.

ಆಮೇಲೆ ಗೊತ್ತಾಯಿತು, ನನಗಿದ್ದದ್ದು ವೇಗದ ಭಯ ಅಲ್ಲ. ಬೇಕಾದ ಕಡೆ ನಿಲ್ಲುತ್ತೀನೋ ಇಲ್ಲವೋ ಅನ್ನೋ ಭಯ.

ಅದಕ್ಕೆ ಮದ್ದು ಚಪ್ಪಟೆ ರಸ್ತೆಯಲ್ಲೇ ಇದೆ. ಖಾಲಿ ಜಾಗದಲ್ಲಿ ಒಂದು ಕಲ್ಲು ಇಡಿ, 20 ಕಿ.ಮೀ. ವೇಗದಲ್ಲಿ ಬನ್ನಿ, ಕಲ್ಲು ದಾಟಿದ ಕೂಡಲೇ ನಿಲ್ಲಿಸಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈದು ಮುಂದಿನ ಬ್ರೇಕ್, ಆದರೂ ಒಮ್ಮೆ ನೋಡಿಕೊಳ್ಳಿ. ಮುಂದಿನದು ಹಿಡಿದರೆ ಪಲ್ಟಿ ಹೊಡೀತೀವಿ ಅಂತ ಚಿಕ್ಕಂದಿನಿಂದ ಹೆದರಿಸಿರುತ್ತಾರೆ ಅಲ್ವಾ? ನಿಜ ಏನಂದರೆ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ, ನಿಜವಾಗಿ ನಿಲ್ಲಿಸೋದು ಮುಂದಿನ ಚಕ್ರವೇ. ಸೊಂಟ ಹಿಂದಕ್ಕೆ ತಳ್ಳಿ, ಎರಡನ್ನೂ ಮೆಲ್ಲಗೆ ಶುರುಮಾಡಿ ಬಿಗಿ ಮಾಡುತ್ತಾ ಹೋಗಿ, ಗಕ್ಕನೆ ಹಿಡಿಯಬೇಡಿ. ವೇಗ ಎರಡು ಪಟ್ಟಾದರೆ ನಿಲ್ಲೋಕೆ ಸುಮಾರು ನಾಲ್ಕು ಪಟ್ಟು ದೂರ ಬೇಕು. ಇದನ್ನು ಓದಿದರೆ ಆಗಲ್ಲ, ಕಲ್ಲಿನಿಂದ ಹೆಜ್ಜೆ ಎಣಿಸಿ ನೋಡಬೇಕು.

ಕೈಗೆ ನಂಬಿಕೆ ಬಂದ ಮೇಲೆ ಗುಡ್ಡ. ಪೂರ್ತಿ ಹತ್ತಬೇಡಿ, ಕೊನೆಯ ಇಳಿಜಾರಿನ ಅರ್ಧದಿಂದ ಇಳಿಯಿರಿ. ಮುಂದಿನ ವಾರ ಇನ್ನೊಂದು ತಿರುವು ಮೇಲಿಂದ.

ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿದರೆ ರಿಮ್ ಕಾಯುತ್ತದೆ, ಟ್ಯೂಬ್ ಒಡೆಯಲೂಬಹುದು. ತಿರುವಿಗೆ ಮೊದಲೇ, ನೇರ ಇರುವಾಗಲೇ, ಚೆನ್ನಾಗಿ ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ತಿರುವಿನ ಹೊರಬದಿಯ ಪೆಡಲ್ (ಎಡಕ್ಕೆ ತಿರುಗುವಾಗ ಬಲಗಾಲಿನದು) ಕೆಳಗಿರಲಿ, ಭಾರ ಅದರ ಮೇಲೆ. ಕಣ್ಣು ತಿರುವಿನ ಆಚೆ ಇರಲಿ. ಗುಂಡಿ ನೋಡುತ್ತಾ ಹೋದರೆ ಗುಂಡಿಗೇ ಬೀಳುತ್ತೀರಿ. ಹ್ಯಾಂಡಲ್ ನಡುಗಿದರೆ ಮಂಡಿಯಿಂದ ಫ್ರೇಮ್ ಒತ್ತಿ ಹಿಡಿದು, ನಿಧಾನಕ್ಕೆ ವೇಗ ಇಳಿಸಿ. ಕೈ ಬಿಗಿ ಮಾಡಿದಷ್ಟೂ ನಡುಕ ಜಾಸ್ತಿ.

ಸಂಡೂರಿನಲ್ಲಿ ಇನ್ನೊಂದು ಕಾಟ, ಅದಿರು ಲಾರಿಗಳಿಂದ ಉದುರಿದ ಕೆಂಪು ಹುಡಿ. ತಿರುವಿನ ಅಂಚಿನಲ್ಲಿ ಅದರ ಮೇಲೆ ಚಕ್ರ ಹೋದರೆ ರಾಗಿ ಕಾಳಿನ ಮೇಲೆ ಕಾಲಿಟ್ಟ ಹಾಗೆ. ಅಲ್ಲಿ ವಾಲಬೇಡಿ, ಬ್ರೇಕೂ ಬೇಡ. ಮಳೆ ಬಿದ್ದ ದಿನ ಸುಮ್ನೆ ಮನೆಯಲ್ಲಿರಿ. ಹಿಂದೆ ಲಾರಿ ಬಂದರೆ ಪಕ್ಕಕ್ಕೆ ನಿಂತು ದಾರಿ ಬಿಡಿ, ಅದರ ಜೊತೆ ಪೈಪೋಟಿ ಯಾಕೆ?

ಹೊರಡುವ ಮುಂಚೆ ಬ್ರೇಕ್ ಪ್ಯಾಡ್, ಚಕ್ರದ ನಟ್ಟು, ಹೆಲ್ಮೆಟ್ ನೋಡಿಕೊಳ್ಳಿ.

ನಮ್ಮ ಗುಂಪಿನಲ್ಲಿ ಈಗಲೂ ಕೊನೆಗೆ ಇಳಿಯುವವನು ನಾನೇ. ನಾನು ಬರುವಷ್ಟರಲ್ಲಿ ಉಳಿದವರ ಒಗ್ಗರಣೆ-ಮಿರ್ಚಿ ಅರ್ಧ ಮುಗಿದಿರುತ್ತದೆ. ಆದರೆ ಸೈಕಲ್ ಮೇಲೆ ಕೂತೇ ಬರುತ್ತೇನೆ.