ಬೂರುಗದ ಅರಳೆಯಲ್ಲಿ ಎಂಡೋಸಲ್ಫಾನ್ ಹಿಡಿದದ್ದು

ದಿಂಬಿಗೆ ತುಂಬುವ ಬೂರುಗದ ಅರಳೆಯಿಂದ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಒಳಗಿನ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಅಳೆಯಲು ಹಿಡಿದು ತೆಗೆಯಬಹುದು ಅಂದಾಗ ನಕ್ಕವರೇ ಹೆಚ್ಚು. ಈಗ ಮಿಲಿಲೀಟರ್‌ಗೆ ಐದು ನ್ಯಾನೋಗ್ರಾಂ ಹಾಕಿದ ಆಡಿನ ಸೀರಮ್‌ನಲ್ಲಿ ಎಂಡೋಸಲ್ಫಾನಿನ ರೂಪಗಳಾದ ಆಲ್ಫಾ, ಬೀಟಾ ಎರಡೂ ನೂರಕ್ಕೆ ಎಂಬತ್ತರ ಆಸುಪಾಸು, ಅದು ಮೈಯಲ್ಲಿ ಬದಲಾಗಿ ಆಗುವ ಎಂಡೋಸಲ್ಫಾನ್ ಸಲ್ಫೇಟ್ ತೊಂಬತ್ತರ ಹತ್ತಿರ ವಾಪಸು ಬರುತ್ತದೆ. ಇದೇ ಕೆಲಸಕ್ಕೆ ಲ್ಯಾಬುಗಳು ಕೊಳ್ಳುವ ಸಿದ್ಧ ನಳಿಕೆ, ಸಿ18 ಕಾರ್ಟ್ರಿಜ್ ಪಕ್ಕದಲ್ಲಿಟ್ಟರೂ ನಾಚಬೇಕಾದ್ದಿಲ್ಲ.

ಬಿಳಿ ಬೂರುಗವನ್ನೇ ತೆಗೆದುಕೊಳ್ಳಿ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ತೋಟದ ಬದುಗಳಲ್ಲಿ ಮಳೆಗಾಲಕ್ಕೆ ಮೊದಲು ಕಾಯಿ ಒಡೆಯುತ್ತದೆ. ಒಡೆಯುವ ಮುಂಚೆಯೇ ಇಳಿಸಿದರೆ ಧೂಳಿಲ್ಲ. ಜೂನ್ ದಾಟಿದರೆ ಬೂಸಲು ಹಿಡಿಯುತ್ತದೆ. ಹಾಸಿಗೆ ಅಂಗಡಿಯ ಮಾಲಿನಲ್ಲಿ ಹತ್ತಿ ಬೆರೆತಿರುವುದುಂಟು. ಒಂದು ಚಿಟಿಕೆ ನೀರಿಗೆ ಹಾಕಿ ಒತ್ತಿ ಬಿಡಿ: ಬೂರುಗ ಎದ್ದು ತೇಲುತ್ತದೆ, ಆಸ್ಪತ್ರೆಯ ಹತ್ತಿ ನೀರು ಕುಡಿದು ಮುಳುಗುತ್ತದೆ. ಕಚ್ಚಾ ಹತ್ತಿಗೆ ಮಾತ್ರ ಮೇಣವಿರುವುದರಿಂದ ಅದೂ ತೇಲಬಹುದು.

ಇಲ್ಲಿ ಕೆಲಸ ಮಾಡುವುದು ಎಳೆಯ ಮೇಲಿನ ಮೇಣ. ಎಳೆ ಒಳಗೆ ಪೊಳ್ಳು, ಹೊರಗೆ ತೆಳು ಮೇಣ. ಶುದ್ಧ ಮಾಡುವ ಹುಮ್ಮಸ್ಸಿನಲ್ಲಿ ಸಾಕ್ಸ್‌ಲೆಟ್‌ನಲ್ಲಿ (ಸಾಲ್ವೆಂಟ್, ಅಂದರೆ ಕರಗಿಸುವ ದ್ರವವನ್ನು ಮತ್ತೆ ಮತ್ತೆ ಹರಿಸಿ ತೊಳೆಯುವ ಗಾಜಿನ ಸಾಧನ) ಹೆಕ್ಸೇನ್ ಹಾಕಿ ರಾತ್ರಿಯಿಡೀ ಓಡಿಸಿದ ಅರಳೆ ಬೆಳ್ಳಗಾಯಿತು, ಬ್ಲ್ಯಾಂಕ್ (ಎಂಡೋಸಲ್ಫಾನ್ ಹಾಕದ ಪರೀಕ್ಷೆ) ಚೆಂದ ಬಂತು, ರಿಕವರಿ (ಹಾಕಿದ್ದರಲ್ಲಿ ವಾಪಸು ಬಂದದ್ದು) ನೂರಕ್ಕೆ ಮೂವತ್ತಕ್ಕಿಂತ ಕೆಳಗೆ ಬಿತ್ತು. ತೊಳೆಯದೆ ಬಿಟ್ಟರೆ ಮೇಣ ಅಳೆಯುವ ಯಂತ್ರವಾದ ಜಿಸಿಯೊಳಗೆ (ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಹೋಗುತ್ತದೆ. ನಮ್ಮ ದಾರಿ: ಬೀಜ ತೆಗೆದು, ಬಿಸಿನೀರು, ಮೆಥನಾಲ್, ಅಸಿಟೋನೈಟ್ರೈಲ್‌ನಲ್ಲಿ ಎರಡೆರಡು ಸಲ, ಕೊನೆಗೆ ತಣ್ಣನೆ ಹೆಕ್ಸೇನ್‌ನಲ್ಲಿ ಒಂದೇ ಅದ್ದು. ಆ ಅದ್ದು ಎಷ್ಟು ಹೊತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಅರಳೆಗೆ ನೀವೇ ಕಂಡುಕೊಳ್ಳಿ.

ಐದು ಮಿಲಿಲೀಟರ್‌ನ ಗಾಜಿನ ಸಿರಿಂಜ್‌ಗೆ ನೂರು ಮಿಲಿಗ್ರಾಂ, ಒಂದು ಮಿಲಿಲೀಟರ್ ಗುರುತಿಗೆ ಬರುವಷ್ಟು ಒತ್ತಿ. ಸಡಿಲವಾದರೆ ದ್ರವ ಬದಿಯಿಂದ ಜಾರುತ್ತದೆ, ಬಿಗಿಯಾದರೆ ಸೀರಮ್ ಕಟ್ಟಿ ನಿಲ್ಲುತ್ತದೆ. ಒಣ ಅರಳೆ ತುಂಬಿದರೆ ಗಾಳಿಗುಳ್ಳೆ ತಪ್ಪದು. ಮೆಥನಾಲ್‌ನಲ್ಲಿ ನೆನೆಸಿಯೇ ತುಂಬಿ. ಪ್ಲಾಸ್ಟಿಕ್ ಸಿರಿಂಜ್ ಬೇಡ. ಪ್ಲಾಸ್ಟಿಕ್ ಮೆದುವಾಗಿಸಲು ಬೆರೆಸುವ ಥಾಲೇಟ್‌ಗಳು ಜಿಸಿಯ ಪತ್ತೆ ಸಾಧನವಾದ ಇಸಿಡಿಯಲ್ಲಿ ತಲೆ ಎತ್ತುತ್ತವೆ, ಕೈಗವಸಿನಿಂದಲೂ ಬರುತ್ತವೆ.

ಸೀರಮ್ ಒಂದು ಮಿಲಿಲೀಟರ್, ಫಾರ್ಮಿಕ್ ಆಸಿಡ್ ಒಂದು, ಸೋನಿಕೇಟರ್‌ನಲ್ಲಿ ಕಾಲು ಗಂಟೆ, ಆಮೇಲೆ ನೀರು ಎಂಟು. ಪ್ರೋಟೀನ್ ಬಿಡಿಸಲು ಕ್ಷಾರದ ಕಡೆ ಹೋಗಬೇಡಿ. ಎಂಡೋಸಲ್ಫಾನ್ ಒಡೆದು ಡಯಾಲ್ ಎಂಬ ಬೇರೆ ವಸ್ತು ಆಗಿ ಕೈ ತಪ್ಪುತ್ತದೆ. ಅಸಿಟೋನೈಟ್ರೈಲ್ ಹಾಕಿ ಪ್ರೋಟೀನ್ ಇಳಿಸಿದರೆ, ಸಾಲ್ವೆಂಟ್ ನೂರಕ್ಕೆ ಐದಾರಕ್ಕೆ ಇಳಿಯುವಷ್ಟು ನೀರು ಬೆರೆಸದಿದ್ದರೆ ಆಲ್ಫಾ ನಿಲ್ಲದೆ ಸೋರಿ ಹೋಗುತ್ತದೆ. ಲೋಡ್ ಮಾಡುವುದು ಹನಿ ಹನಿಯಾಗಿ, ನಿಮಿಷಕ್ಕೆ ಒಂದು ಮಿಲಿಲೀಟರ್ ಮೀರದಂತೆ. ನೀರಲ್ಲಿ ತೊಳೆದು ನೈಟ್ರೋಜನ್ ಹಾಯಿಸಿದರೆ ಹತ್ತು ನಿಮಿಷದಲ್ಲಿ ಒಣಗುತ್ತದೆ. 

ಹೆಚ್ಚಿನವರು ಸೋತಿದ್ದು ಎಲ್ಯೂಷನ್‌ನಲ್ಲಿ, ಅಂದರೆ ಅರಳೆ ಹಿಡಿದದ್ದನ್ನು ಸಾಲ್ವೆಂಟ್‌ನಿಂದ ಬಿಡಿಸಿ ಇಳಿಸುವುದರಲ್ಲಿ. ಹೆಕ್ಸೇನ್ ಸುರಿದರೆ ಎಂಡೋಸಲ್ಫಾನ್ ಜೊತೆ ಮೇಣವೂ ಕೊಬ್ಬೂ ಕೆಳಗಿಳಿಯುತ್ತವೆ. ಇಸಿಡಿಗೆ ಅವು ಕಾಣಿಸುವುದಿಲ್ಲವಾದ್ದರಿಂದ ಕ್ರೊಮ್ಯಾಟೋಗ್ರಾಂ ಚೆಂದವೇ ಇರುತ್ತದೆ. ಇಪ್ಪತ್ತು ಮೂವತ್ತು ಇಂಜೆಕ್ಷನ್ ಆದ ಮೇಲೆ ಜಿಸಿಯ ಬಾಯಲ್ಲಿನ ಗಾಜಿನ ಕೊಳವೆ, ಲೈನರ್ ಕೊಳೆಯಾಗಿ ಪೀಕ್‌ಗಳು ಬಾಲ ಬಿಡುತ್ತವೆ. ಅಸಿಟೋನೈಟ್ರೈಲ್ ಎರಡು ಸಲ, ಒಂದೊಂದು ಮಿಲಿಲೀಟರ್, ಸಾಕು. ಮೇಣವೂ ಕೊಬ್ಬಿನ ಬಹುಪಾಲೂ ಅರಳೆಯಲ್ಲೇ ಉಳಿಯುತ್ತವೆ. ಕೆಳಗಿಳಿದ ಅಸಿಟೋನೈಟ್ರೈಲ್‌ಗೆ ಸೋಡಿಯಂ ಸಲ್ಫೇಟ್ ಕರಗಿಸಿದ ನೀರು ಬೆರೆಸಿ ಹೆಕ್ಸೇನ್‌ಗೆ ದಾಟಿಸಿ, ಚಿಕ್ಕ ಫ್ಲೋರಿಸಿಲ್ (ಕಲ್ಮಶ ಹಿಡಿಯುವ ಪುಡಿ) ಕಾಲಂ ಮೂಲಕ ಇಳಿಸಿ. ಕಾಲಂಗೆ ಹಾಕುವ ಹೆಕ್ಸೇನ್‌ಗೆ ಈಥೈಲ್ ಅಸಿಟೇಟ್ ಬೆರೆಸದಿದ್ದರೆ ಎಂಡೋಸಲ್ಫಾನ್ ಸಲ್ಫೇಟ್ ಅಲ್ಲೇ ಕೂರುತ್ತದೆ. ಕೊಬ್ಬು ಸುಡಲು ಸಲ್ಫ್ಯೂರಿಕ್ ಆಸಿಡ್ ಹಾಕುವ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಅಳೆಯುವವರ ಅಭ್ಯಾಸ ಇಲ್ಲಿ ನಡೆಯದು, ಎಂಡೋಸಲ್ಫಾನೇ ನಾಶವಾಗುತ್ತದೆ. ನೈಟ್ರೋಜನ್‌ನಲ್ಲಿ ಇನ್ನೂರು ಮೈಕ್ರೋಲೀಟರ್‌ಗೆ ನಿಲ್ಲಿಸಿ. ಪೂರ್ತಿ ಒಣಗಿಸಿದರೆ ಆಲ್ಫಾ ಹಾರುತ್ತದೆ. ಸಂಶಯದ ಪೀಕನ್ನು ಬೇರೆ ಪೋಲಾರಿಟಿಯ ಕಾಲಂನಲ್ಲಿ ಮತ್ತೊಮ್ಮೆ ನೋಡದೆ ವರದಿಗೆ ಹಾಕಬೇಡಿ.

ಊರಲ್ಲಿ ಸಿಕ್ಕಿದ್ದನ್ನೆಲ್ಲ ಪರೀಕ್ಷಿಸಿದ್ದೂ ಆಯಿತು. ತೆಂಗಿನ ನಾರಿನ ಹುಡಿ ಎಷ್ಟು ತೊಳೆದರೂ ಚಹಾದಂತೆ ಬಣ್ಣ ಬಿಡುತ್ತದೆ. ಅಡಿಕೆ ಸಿಪ್ಪೆಯದ್ದೂ ಅದೇ ಗೋಳು. ಗೆರಟೆ ಇದ್ದಿಲು ಹಿಡಿಯುತ್ತದೆ, ಬಿಡುವುದಿಲ್ಲ. ಒಣಗಿದ ಹೀರೆಯ ನಾರು ಪರವಾಗಿಲ್ಲ, ಆದರೆ ಒಂದು ಕಾಯಿಯಂತೆ ಇನ್ನೊಂದಿಲ್ಲ.

ಹಣದ ಮಾತು. ಕಾರ್ಟ್ರಿಜ್ ಒಂದಕ್ಕೆ ಇನ್ನೂರು ರೂಪಾಯಿ ಹತ್ತಿರ. ಬೂರುಗ ಕಿಲೋಗೆ ಮುನ್ನೂರೇ ಆಗಲಿ, ಹತ್ತು ಸಾವಿರ ಕಾಲಂ ಆಗುತ್ತದೆ. ಅರಳೆಯ ಖರ್ಚು ಕಾಲಂಗೆ ಮೂರು ಪೈಸೆ. ಹಾಗೆಂದು ಪುಕ್ಕಟೆ ಅಲ್ಲ. ಸಾಲ್ವೆಂಟ್, ನೈಟ್ರೋಜನ್, ತೊಳೆಯುವ ಕೆಲಸ ಸೇರಿ ಒಂದು ಸ್ಯಾಂಪಲ್‌ಗೆ ನಲವತ್ತು ಐವತ್ತು ಬೀಳುತ್ತದೆ. ಒಮ್ಮೆ ಬಳಸಿದ ಅರಳೆ ಎಸೆಯಿರಿ, ಒಳಗಿನ ಕೊಬ್ಬು ಮುಂದಿನ ಸ್ಯಾಂಪಲ್‌ಗೆ ಬರುತ್ತದೆ.

ಇಲ್ಲಿ ಕಾಸರಗೋಡಿನಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಸಿಂಪಡಣೆ 2000ಕ್ಕೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಬಂತು. ಎಂಡೋಸಲ್ಫಾನ್ ಮೈಯಲ್ಲಿ ವರ್ಷಗಟ್ಟಲೆ ನಿಲ್ಲುವ ಜಾತಿಯದ್ದಲ್ಲ. ಈಗಿನ ರಕ್ತದಲ್ಲಿ ಹಳೆಯ ಸಿಂಪಡಣೆಯ ಲೆಕ್ಕ ಹುಡುಕಬೇಡಿ. ಫ್ರೀಜರ್‌ನಲ್ಲಿಟ್ಟ ಹಳೆ ಸೀರಮ್ ಇರುವವರಿಗೆ ಈ ವಿಧಾನ ಉಪಯೋಗ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲು. ಹಾಲಿಗೆ ಮಾತ್ರ ಇದು ಹಿಡಿಸದು: ಕೊಬ್ಬು ಅರಳೆಯನ್ನೆಲ್ಲ ತುಂಬಿಬಿಡುತ್ತದೆ, ನೂರು ಮಿಲಿಗ್ರಾಂ ಬದಲು ಐನೂರು ಹಾಕಿದರೂ ಬೀಟಾ ಅರ್ಧಕ್ಕಿಂತ ಮೇಲೆ ಬಂದಿಲ್ಲ.