‘ಆ ಏರಿಯಾ ಸರಿಯಿಲ್ಲ’ ಅನ್ನುವ ಮೊದಲು

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಗೆ ಹೊಸದಾಗಿ ಬಂದವರಿಗೆ ಮೊದಲ ವಾರದಲ್ಲೇ ಬುದ್ಧಿಮಾತು ಶುರುವಾಗುತ್ತದೆ. ಕ್ರೆಡಿಟ್ ಸ್ಕೋರ್ ಬೆಳೆಸಿ, ಕಾಸ್ಟ್‌ಕೋ ಕಾರ್ಡ್ ಮಾಡಿಸಿ, ಸೋನಾಮಸೂರಿ ಇಂಥ ಅಂಗಡಿಯಲ್ಲೇ ತಗೊಳ್ಳಿ. ಕೊನೆಗೆ ದನಿ ತಗ್ಗಿಸಿ ಒಂದು ಮಾತು: ‘ಓಕ್ಲೆಂಡ್ ಕಡೆ ಜಾಸ್ತಿ ಹೋಗ್ಬೇಡಿ, ಆ ಏರಿಯಾ ಸರಿಯಿಲ್ಲ.’ ನನಗೂ ಹೀಗೇ ಹೇಳಿದ್ದರು. ಆಮೇಲೆ ಹತ್ತು ವರ್ಷ ಬಂದವರಿಗೆಲ್ಲ ನಾನೂ ಅದನ್ನೇ ಹೇಳಿದೆ. ಆಫ್ರಿಕನ್ ಅಮೆರಿಕನ್ನರು ತುಂಬ ಇರುವ ಆ ಊರಿನಲ್ಲಿ ಅಷ್ಟು ವರ್ಷದಲ್ಲಿ ಒಂದು ಸಲವೂ ಕಾರಿನಿಂದ ಕೆಳಗೆ ಇಳಿದಿರಲಿಲ್ಲ.

ಲಿವರ್‌ಮೋರ್ ದೇವಸ್ಥಾನಕ್ಕೆ ನೀವು ಹೋಗೇ ಹೋಗುತ್ತೀರಿ. 580 ಹೆದ್ದಾರಿಯಲ್ಲಿ ಡಬ್ಲಿನ್ ಊರು ದಾಟಬೇಕು. ಅಲ್ಲಿ ನಮ್ಮವರ ಮನೆಗಳು ಬೇಕಾದಷ್ಟಿವೆ. ಅದೇ ಊರಿನಲ್ಲಿ ಅಲಮೀಡಾ ಕೌಂಟಿಯ (ನಮ್ಮ ಜಿಲ್ಲೆ ಇದ್ದಹಾಗೆ) ಸ್ಯಾಂಟಾ ರೀಟಾ ಜೈಲೂ ಇದೆ. ಸ್ನೇಹಿತರೊಬ್ಬರು ಅಲ್ಲಿ ಮನೆ ತಗೊಂಡರು. ಸ್ಕೂಲ್ ರೇಟಿಂಗ್ ನೋಡಿದ್ದರು, ವಾಸ್ತು ನೋಡಿದ್ದರು, ಆಫೀಸಿಗೆ ಎಷ್ಟು ಹೊತ್ತಾಗುತ್ತದೆ ಅಂತ ಮೂರು ದಿನ ಓಡಿಸಿ ನೋಡಿದ್ದರು. ಗೃಹಪ್ರವೇಶದ ಊಟದ ಹೊತ್ತಿಗೆ ಜೈಲಿನ ಮಾತು ಬಂತು. ‘ಅದು ಜೈಲಾ? ನಾವು ಯಾವುದೋ ಗೋಡೌನ್ ಅಂದ್ಕೊಂಡಿದ್ವಿ’ ಅಂದರು.

ನಮ್ಮ ಭಾಷೆಯಲ್ಲಿ ಜೈಲಿಗೆ ಹೆಸರಿಗೇನೂ ಕಮ್ಮಿಯಿಲ್ಲ. ಕೃಷ್ಣನ ಜನ್ಮಸ್ಥಾನ, ಮಾವನ ಮನೆ, ಈಗೀಗ ಪರಪ್ಪನ ಅಗ್ರಹಾರ. ಇಲ್ಲಿ ಇರುವುದು ಎರಡೇ ಪದ, ಆದರೆ ಎರಡೂ ಒಂದೇ ಅಲ್ಲ. ‘ಜೈಲ್’ ಕೌಂಟಿಯದ್ದು. ವಿಚಾರಣೆಗೆ ಕಾಯುವವರು, ಸಣ್ಣ ಶಿಕ್ಷೆಯವರು ಅಲ್ಲಿರುತ್ತಾರೆ. ‘ಪ್ರಿಸನ್’ ರಾಜ್ಯದ್ದು ಅಥವಾ ಕೇಂದ್ರದ್ದು, ದೊಡ್ಡ ಶಿಕ್ಷೆಗೆ. ಭಾರತದಲ್ಲಿ ಜೈಲಿನಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು ಅಲ್ವಾ? ಇಲ್ಲಿನ ಕೌಂಟಿ ಜೈಲುಗಳಲ್ಲೂ ಹೆಚ್ಚಿನವರು ತೀರ್ಪಿಗೆ ಕಾಯುವವರೇ. ಐವತ್ತು ಸಾವಿರ ಡಾಲರ್ ಬೇಲ್ ಅಂದರೆ ದುಡ್ಡಿದ್ದವರು ಕಟ್ಟಿ ಮನೆಗೆ ಹೋಗುತ್ತಾರೆ. ಇಲ್ಲದವರು ತಮ್ಮ ಪರವಾಗಿ ಬೇಲ್ ಕಟ್ಟುವ ಏಜೆಂಟನಿಗೆ ಸಾಮಾನ್ಯವಾಗಿ ನೂರಕ್ಕೆ ಹತ್ತು ಕೊಡಬೇಕು. ಆಮೇಲೆ ಕೇಸು ಬಿದ್ದುಹೋದರೂ ಆ ಐದು ಸಾವಿರ ವಾಪಸ್ ಬರುವುದಿಲ್ಲ. ಅದಕ್ಕೂ ಗತಿಯಿಲ್ಲದವರು ಒಳಗೇ.

ಇನ್ನೊಂದು ಲೆಕ್ಕ. ಕ್ಯಾಲಿಫೋರ್ನಿಯಾದ ಜನರಲ್ಲಿ ಆಫ್ರಿಕನ್ ಅಮೆರಿಕನ್ನರು ನೂರಕ್ಕೆ ಸುಮಾರು 6. ರಾಜ್ಯದ ಪ್ರಿಸನ್‌ಗಳಲ್ಲಿ ಅವರು ನೂರಕ್ಕೆ ಸುಮಾರು 28. ‘ಅವರೇ ಜಾಸ್ತಿ ಅಪರಾಧ ಮಾಡ್ತಾರೆ’ ಅಂತ ನಮ್ಮ ಪಾಟ್‌ಲಕ್‌ಗಳಲ್ಲಿ ಕೇಳುತ್ತೀರಿ. ಆಗ ಭಾರತದ ಒಂದು ಕಾನೂನು ನೆನಪಿಸಿಕೊಳ್ಳಿ. 1871ರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಇಡೀ ಜಾತಿಗಳನ್ನೇ ಹುಟ್ಟಿನಿಂದ ಕಳ್ಳರು ಅಂತ ಬರೆದಿಟ್ಟಿತು. ಕೊರಚರು, ಕೊರಮರು ಅದರ ಹೊಡೆತ ತಿಂದವರು. ಬೇಲಿಯೊಳಗೆ ಕೂಡಿಹಾಕಿ ಹಾಜರಿ ತೆಗೆಯುತ್ತಿದ್ದರು. ಕಾನೂನು ಹೋದದ್ದು 1952ರಲ್ಲಿ. ಹುಬ್ಬಳ್ಳಿಯಲ್ಲಿ ಹಾಗೆ ಕೂಡಿಹಾಕಿದ್ದ ಜಾಗಕ್ಕೆ ಇವತ್ತಿಗೂ ‘ಸೆಟ್ಲಮೆಂಟ್’ ಅಂತಲೇ ಅನ್ನುತ್ತಾರೆ. ಆಮೇಲಾಮೇಲೆ ನಾನು ಹೋಗತೊಡಗಿದ ಓಕ್ಲೆಂಡಿನ ಸಭೆಯೊಂದರಲ್ಲಿ ಇದನ್ನು ಹೇಳಿದಾಗ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಆಫ್ರಿಕನ್ ಅಮೆರಿಕನ್ ಹೆಂಗಸೊಬ್ಬರು ಕೇಳಿದ್ದು ಒಂದೇ: ‘ಇನ್ನೂ ಅದೇ ಹೆಸರಾ?’

ಈಗ ಇಂಥ ಸಭೆ ನಡೆಸುವ, ಜೈಲುಗಳೇ ಬೇಡ, ‘ಜೈಲು ರದ್ದು’ ಅನ್ನುವವರ ವಿಷಯ. ಈ ಮಾತಿಗೆ ದೊಡ್ಡ ನೆಲೆ ಈ ಕಡೆಯೇ. 1998ರಲ್ಲಿ ಬರ್ಕ್ಲಿಯಲ್ಲಿ ‘ಕ್ರಿಟಿಕಲ್ ರೆಸಿಸ್ಟೆನ್ಸ್’ ಎಂಬ ಸಮಾವೇಶಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಪ್ರಾಧ್ಯಾಪಕಿಯರೂ ಹೋರಾಟಗಾರ್ತಿಯರೂ ಆದ ಆಂಜೆಲಾ ಡೇವಿಸ್, ರೂತ್ ವಿಲ್ಸನ್ ಗಿಲ್ಮೋರ್ ಅದರ ಹಿಂದಿದ್ದವರು. ಅದೇ ಹೆಸರಿನ ಸಂಘಟನೆ ಓಕ್ಲೆಂಡಿನಲ್ಲಿ ಈಗಲೂ ಇದೆ. ‘ನಾಳೆ ಬೆಳಿಗ್ಗೆ ಗೇಟು ತೆಗೆದು ಕೊಲೆಗಾರರನ್ನೆಲ್ಲ ಬಿಟ್ಟುಬಿಡ್ತಾರಂತಾ?’ ಅಂತ ನಮ್ಮತ್ತೆ ಕೇಳಿದರು. ಇಲ್ಲ. ಹೊಸ ಜೈಲು ಕಟ್ಟಬೇಡಿ, ಇರುವುದನ್ನು ಒಂದೊಂದಾಗಿ ಮುಚ್ಚಿ, ಆ ದುಡ್ಡನ್ನು ಮನೆ, ಮದ್ದು, ಶಾಲೆಗೆ ಹಾಕಿ ಅನ್ನುತ್ತಾರೆ. ಸುಮ್ನೆ ಕನಸು ಅಂತಲೂ ಅಲ್ಲ. 2006ರಲ್ಲಿ ರಾಜ್ಯದ ಪ್ರಿಸನ್‌ಗಳಲ್ಲಿ ಸುಮಾರು 1.73 ಲಕ್ಷ ಜನರಿದ್ದರು. ಈ ನೂಕುನುಗ್ಗಲು ತಗ್ಗಿಸಿ ಅಂತ 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿತು. ಈಗ ಆ ಸಂಖ್ಯೆ ಒಂದು ಲಕ್ಷದ ಒಳಗಿದೆ. ಮೌಂಟನ್ ಹೌಸ್ ಕಡೆ ಮನೆ ನೋಡಲು ಹೋಗುತ್ತೀರಲ್ಲ, ಅಲ್ಲೇ ಪಕ್ಕದ ಟ್ರೇಸಿಯ ಪ್ರಿಸನ್ 2021ರಲ್ಲಿ ಮುಚ್ಚಿತು.

ಎಲ್ಲ ಪ್ರಶ್ನೆಗೂ ಅವರ ಹತ್ತಿರ ಉತ್ತರ ಇದೆ ಅಂತ ನನಗೆ ಇನ್ನೂ ಅನಿಸಿಲ್ಲ. ಹೆಂಡತಿಗೆ ಹೊಡೆಯುವ ಗಂಡನನ್ನು ಏನು ಮಾಡುವುದು ಅನ್ನುವಲ್ಲಿ ಸಭೆಗಳಲ್ಲೇ ಜೋರು ವಾದ ನಡೆಯುತ್ತದೆ. ನಡೆಯಲಿ. ಒಪ್ಪಿದ ಮೇಲೇ ಸಭೆಗೆ ಹೋಗಬೇಕು ಅಂತೇನಿಲ್ಲ.

‘ನಮಗ್ಯಾಕೆ ಇವರ ಜಗಳ’ ಅನ್ನುವವರಿಗೆ ಒಂದು ಮಾತು. 1965ಕ್ಕೆ ಮೊದಲು ಭಾರತದಿಂದ ವರ್ಷಕ್ಕೆ ನೂರು ಜನಕ್ಕೆ ಮಾತ್ರ ವಲಸೆ ಕೋಟಾ ಇತ್ತು. ಅದನ್ನು ಕಿತ್ತುಹಾಕಿದ ವಲಸೆ ಕಾನೂನು ಬಂದದ್ದು, ಆಫ್ರಿಕನ್ ಅಮೆರಿಕನ್ನರ ಹೋರಾಟದಿಂದ ಬಂದ 1964ರ ನಾಗರಿಕ ಹಕ್ಕು ಕಾನೂನಿನ ಬೆನ್ನಿಗೆ. ಆ ಹೋರಾಟದಲ್ಲಿ ಏಟು ತಿಂದವರು ಯಾರು? ನೀವು ಇವತ್ತು ‘ಆ ಏರಿಯಾ’ ಅನ್ನುತ್ತಿರುವುದು ಅವರ ಮೊಮ್ಮಕ್ಕಳು ಇರುವ ಜಾಗಕ್ಕೆ.

ಇನ್ನು 911, ಪೊಲೀಸ್, ಆಂಬುಲೆನ್ಸ್ ಕರೆಯುವ ಇಲ್ಲಿನ ತುರ್ತು ನಂಬರ್. ಇದನ್ನು ಸ್ವಲ್ಪ ನಿಧಾನವಾಗಿ ಓದಿ. 2015ರ ಫೆಬ್ರುವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ 57 ವರ್ಷದ ಸುರೇಶ್‌ಭಾಯಿ ಪಟೇಲ್ ಮಗನ ಮನೆ ಮುಂದಿನ ರಸ್ತೆಯಲ್ಲಿ ವಾಕಿಂಗ್ ಮಾಡುತ್ತಿದ್ದರು. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದು ಹೆಚ್ಚು ದಿನ ಆಗಿರಲಿಲ್ಲ. ತೆಳ್ಳಗಿನ ಕಪ್ಪು ಮನುಷ್ಯನೊಬ್ಬ ಓಡಾಡುತ್ತಿದ್ದಾನೆ ಅಂತ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಇವರಿಗೆ ಇಂಗ್ಲಿಷ್ ಬಾರದು. ಪೊಲೀಸ್ ನೆಲಕ್ಕೆ ಕೆಡವಿದ. ಬೆನ್ನುಮೂಳೆಗೆ ಪೆಟ್ಟಾಗಿ ಮೈಯ ಸ್ವಾಧೀನ ಭಾಗಶಃ ಹೋಯಿತು. ಆ ಪೊಲೀಸ್ ಮೇಲಿನ ಕೇಸು ಎರಡು ಸಲ ತೀರ್ಪಿಲ್ಲದೆ ನಿಂತು, ಕೊನೆಗೆ ಅವನ ಖುಲಾಸೆಯಾಯಿತು.

ನಮ್ಮ ಅಪ್ಪಂದಿರೂ ಆರು ತಿಂಗಳಿಗೆ ಬರುತ್ತಾರೆ. ಮಂಕಿ ಕ್ಯಾಪ್ ಹಾಕಿಕೊಂಡು ಬೆಳಿಗ್ಗೆ ಆರಕ್ಕೇ ವಾಕಿಂಗ್ ಹೊರಡುತ್ತಾರೆ. ಯಾರದ್ದೋ ಮನೆ ಮುಂದೆ ನಿಂತು ಗುಲಾಬಿ ಗಿಡ ನೋಡುತ್ತಾರೆ. ಪೊಲೀಸ್ ಕರೆದರೆ ನಿಲ್ಲಿ, ಕೈ ಜೇಬಿಗೆ ಹಾಕಬೇಡಿ ಅಂತ ಅವರಿಗೆ ಮೊದಲೇ ಹೇಳಿಕೊಡಿ. ಹಾಗೇ ನಿಮ್ಮ ಬಾಗಿಲ ಬಳಿಯ ರಿಂಗ್ ಕ್ಯಾಮೆರಾದಲ್ಲಿ ಯಾರೋ ಕಂಡಾಗ, ‘ಯಾರೋ ಅನುಮಾನಾಸ್ಪದ’ ಅಂತ ಅಪಾರ್ಟ್‌ಮೆಂಟ್ ಗುಂಪಿಗೆ ಹಾಕುವ ಮೊದಲು ಅವನು ಏನು ಮಾಡುತ್ತಿದ್ದಾನೆ ಅಂತ ನೋಡಿ. ಬರೀ ನಡೆಯುತ್ತಿದ್ದರೆ ಫೋನ್ ಕೆಳಗಿಡಿ. ಬೆಂಕಿ, ಹೊಡೆದಾಟ, ಜೀವಕ್ಕೆ ಅಪಾಯ ಅಂದರೆ 911ಗೆ ಮಾಡಲೇಬೇಕು. ಓಕ್ಲೆಂಡಿನಲ್ಲಿ ರಸ್ತೆ ಬದಿ ಮಲಗಿದವರು, ತಮ್ಮಷ್ಟಕ್ಕೆ ಕೂಗಾಡುವವರು ಕಂಡರೆ ‘ಮ್ಯಾಕ್ರೋ’ ತಂಡ ಇದೆ. 2022ರಿಂದ ಅಗ್ನಿಶಾಮಕ ಇಲಾಖೆ ನಡೆಸುತ್ತಿದೆ. ಬಂದೂಕಿಲ್ಲದ ಜನ ಬರುತ್ತಾರೆ.

ಮನೆಯಲ್ಲಿ ‘ಕರಿಯ’ ಅನ್ನುವ ಮಾತು ಬಿಡಿ. ಮಕ್ಕಳಿಗೆ ಕನ್ನಡದ ಬೇರೆ ಯಾವ ಪದವೂ ಬಾಯಿಗೆ ಬರದಿದ್ದರೂ ಅದೊಂದು ಬೇಗ ಬರುತ್ತದೆ.

ಮೆರವಣಿಗೆಗೆ ಹೋಗಬಹುದಾ? ವೀಸಾದಲ್ಲಿರುವವರಿಗೂ ಶಾಂತಿಯಿಂದ ಸೇರುವ ಹಕ್ಕು ಸಂವಿಧಾನದಲ್ಲಿದೆ. ಆದರೆ ಅರೆಸ್ಟ್ ಆದರೆ ಕಥೆಯೇ ಬೇರೆ. ವೀಸಾಕ್ಕೆ ತುಂಬುವ ಡಿಎಸ್-160, ಪೌರತ್ವಕ್ಕೆ ತುಂಬುವ ಎನ್-400 ಎರಡೂ ‘ಅರೆಸ್ಟ್ ಆಗಿದ್ದೀರಾ’ ಅಂತ ಕೇಳುತ್ತವೆ. 2025ರಲ್ಲಿ ಬರಹ, ಭಾಷಣದ ಕಾರಣಕ್ಕೇ ವಿದ್ಯಾರ್ಥಿಗಳ ವೀಸಾ ರದ್ದಾದದ್ದೂ ಉಂಟು. ಹಾಗಾಗಿ ಎಫ್-1 (ವಿದ್ಯಾರ್ಥಿ), ಎಚ್-1 (ಕೆಲಸದ) ವೀಸಾದವರು ಮುಂದಿನ ಸಾಲಿನಲ್ಲಿ ನಿಲ್ಲಬೇಡಿ, ಪೊಲೀಸರು ಚದುರಿ ಅಂದರೆ ಚದುರಿ. ಅನುಮಾನ ಬಂದರೆ ವಲಸೆ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪಿನ ಮಾವನನ್ನಲ್ಲ. ಮೆರವಣಿಗೆಯಲ್ಲಿ ಹಸಿರು ಟೋಪಿ ಹಾಕಿಕೊಂಡವರು, ಪೊಲೀಸರ ನಡೆ ಗಮನಿಸಿ ಬರೆದಿಡುವ ನ್ಯಾಷನಲ್ ಲಾಯರ್ಸ್ ಗಿಲ್ಡ್ ಎಂಬ ವಕೀಲರ ಸಂಘದ ವೀಕ್ಷಕರು. ವಕೀಲರ ನಂಬರನ್ನು ಪೆನ್ನಿನಲ್ಲಿ ಕೈ ಮೇಲೆ ಬರೆದುಕೊಳ್ಳುವುದು ಇಲ್ಲಿನ ವಾಡಿಕೆ. ಫೋನ್ ಕಿತ್ತುಕೊಂಡರೂ ಕೈ ನಿಮ್ಮ ಹತ್ತಿರವೇ ಇರುತ್ತದೆ.

ನನ್ನನ್ನು ಕೇಳಿದರೆ ಮೆರವಣಿಗೆಗಿಂತ ಸಭೆಯಿಂದ ಶುರು ಮಾಡಿ. ಮೊದಲ ಸಭೆಯಲ್ಲಿ ನಾನು ಹತ್ತು ನಿಮಿಷ ಮಾತಾಡಿದೆ. ಇದಕ್ಕೆಲ್ಲ ಒಂದು ಆ್ಯಪ್ ಮಾಡಿಬಿಡೋಣ, ಡ್ಯಾಶ್‌ಬೋರ್ಡ್ ಹಾಕೋಣ ಅಂತ. ಎಲ್ಲರೂ ಪಾಪ ಕೇಳಿಸಿಕೊಂಡರು. ಆಮೇಲೆ ನಡೆಸುತ್ತಿದ್ದಾಕೆ ನಗುತ್ತಲೇ, ಕುರ್ಚಿಗಳನ್ನು ಮಡಚಿ ಇಡ್ತೀರಾ ಅಂದರು. ಆರು ತಿಂಗಳು ನಾನು ಮಾಡಿದ್ದು ಅದನ್ನೇ, ಜೊತೆಗೊಂದು ಟ್ರೇ ಚಿತ್ರಾನ್ನ. ಚಿತ್ರಾನ್ನಕ್ಕೆ ಈಗ ಅಲ್ಲಿ ಒಳ್ಳೆ ಹೆಸರಿದೆ.

ಅದೂ ಸಂಕೋಚವಾದರೆ ಬರ್ಕ್ಲಿಗೆ ಬನ್ನಿ. ಪ್ರಿಸನರ್ಸ್ ಲಿಟರೇಚರ್ ಪ್ರಾಜೆಕ್ಟ್ ಅಂತ ಸ್ವಯಂಸೇವಕರ ಗುಂಪಿದೆ, ಕೈದಿಗಳು ಕೇಳಿದ ಪುಸ್ತಕಗಳನ್ನು ಪ್ಯಾಕ್ ಮಾಡಿ ಕಳಿಸುತ್ತಾರೆ. ಯಾವ ದಿನ ಅಂತ ಮೊದಲೇ ನೋಡಿಕೊಳ್ಳಿ. ಫ್ರೀಮಾಂಟ್ ಕಡೆಯವರು ಬಾರ್ಟ್ ರೈಲು ಹಿಡಿದರೆ ಪಾರ್ಕಿಂಗ್ ತಲೆನೋವಿಲ್ಲ. ದಾರಿಯಲ್ಲಿ ಫ್ರೂಟ್‌ವೇಲ್ ಸ್ಟೇಷನ್ ಬರುತ್ತದೆ, ಅಲ್ಲಿ ಇಳಿದು ಮುಂದಿನ ಟ್ರೇನ್ ಹಿಡಿಯಿರಿ. 2009ರ ಜನವರಿ 1ರಂದು ಅಲ್ಲಿ ಬಾರ್ಟ್ ಪೊಲೀಸ್ ಹಾರಿಸಿದ ಗುಂಡು ತಗುಲಿ, ಆಸ್ಪತ್ರೆಯಲ್ಲಿ ಸತ್ತ 22 ವರ್ಷದ ಆಸ್ಕರ್ ಗ್ರಾಂಟ್‌ನ ದೊಡ್ಡ ಚಿತ್ರ ಗೋಡೆಯ ಮೇಲಿದೆ.

ಪುಸ್ತಕ ಪ್ಯಾಕ್ ಮಾಡುವಾಗ ನಿಮ್ಮ ಮುಂದೆ ಒಂದು ಕಾಗದ ಇರುತ್ತದೆ. ಪೆನ್ಸಿಲಿನಲ್ಲಿ, ದುಂಡಗೆ, ತಪ್ಪು ಕಾಗುಣಿತದಲ್ಲಿ. ಹೆಸರಿನ ಪಕ್ಕ ಕೈದಿ ನಂಬರ್. ಅದು ತಪ್ಪಿದರೆ ಪೊಟ್ಟಣ ಒಳಗೆ ಹೋಗುವುದಿಲ್ಲ. ರಟ್ಟಿನ ಬೈಂಡಿಂಗ್ ಇದ್ದರೂ ಸಾಮಾನ್ಯವಾಗಿ ಬಿಡುವುದಿಲ್ಲ, ಪೇಪರ್‌ಬ್ಯಾಕೇ ಆಗಬೇಕು. ಕಾದಂಬರಿ ಕೇಳುತ್ತಾರೆ, ಚೆಸ್ ಪುಸ್ತಕ ಕೇಳುತ್ತಾರೆ. ನಾನು ಬಿಚ್ಚಿದ ಕಾಗದಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಡಿಕ್ಷನರಿ. ಅದು ಯಾವಾಗಲೂ ಸಾಲದು. ಜಿಆರ್‌ಇ ಪರೀಕ್ಷೆಗೆ ಅಂತ ತಗೊಂಡು ಊರಿನಿಂದ ಹೊತ್ತು ತಂದದ್ದು ನಿಮ್ಮ ಸೂಟ್‌ಕೇಸಿನಲ್ಲಿ ಇನ್ನೂ ಬಿದ್ದಿದ್ದರೆ, ಬರುವಾಗ ತನ್ನಿ.