ಲಕ್ಷದೊಳಗೆ ರಂಗಪ್ರವೇಶ: ನನ್ನ ಅನುಭವ

ಐದು ಲಕ್ಷ ಇಲ್ಲದೆ ರಂಗಪ್ರವೇಶಕ್ಕೆ, ಅಂದರೆ ಒಬ್ಬರೇ ಪೂರ್ತಿ ಕುಣಿಯುವ ಮೊದಲ ಕಾರ್ಯಕ್ರಮಕ್ಕೆ, ಕೈ ಹಾಕಬೇಡ ಅಂತ ಭರತನಾಟ್ಯದ ಕ್ಲಾಸಿನಲ್ಲಿ ಎಲ್ಲರೂ ಹೇಳಿದ್ದರು. ನನಗೆ ಆಗಿದ್ದು ಸುಮಾರು 95 ಸಾವಿರ. ಅದೂ ವೇದಿಕೆಯಲ್ಲೇ ಹಾಡಿ ನುಡಿಸುವ ಲೈವ್ ಮೇಳದ ಜೊತೆ, ಮೊದಲ ನೃತ್ಯ ಅಲಾರಿಪುವಿನಿಂದ ಕೊನೆಯ ತಿಲ್ಲಾನದವರೆಗೆ.

ನಾನು ಪೀಣ್ಯದಲ್ಲಿ ಲೇತ್ ಆಪರೇಟರ್. ಅಪ್ಪ ಯಶವಂತಪುರ ಎಪಿಎಂಸಿಯಲ್ಲಿ ಹಮಾಲಿ, ಅಮ್ಮ ಗಾರ್ಮೆಂಟ್ಸಿನಲ್ಲಿ ಟೈಲರ್. ಐಟಿಐ ಓದಿಸಿದ್ದು ಓವರ್‌ಟೈಮ್ ದುಡಿಯಲಿ ಅಂತ. "ಗೆಜ್ಜೆ ಕಟ್ಟೋನಿಗೆ ಯಾರೋ ಹೆಣ್ಣು ಕೊಡ್ತಾರೆ?" ಎನ್ನುತ್ತಿದ್ದರು ಅಪ್ಪ. ನಾವು ಕಲಿಯುವ ಮಾರ್ಗ, ಅಂದರೆ ನೃತ್ಯಗಳ ಈ ಕ್ರಮ, ಕಟ್ಟಿದ್ದೇ ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರು, ಅವರಲ್ಲಿ ಚಿನ್ನಯ್ಯ ನಮ್ಮ ಮೈಸೂರು ಅರಮನೆಗೇ ಬಂದಿದ್ದರು ಎಂದೆ. "ಅವರಿಗೆ ಅರಮನೆ ಸಂಬಳ ಇತ್ತು. ನಿಂಗೆ?" ಅಂದರು. ಉತ್ತರ ಇರಲಿಲ್ಲ.

ಮೊದಲು ಕೈಕೊಟ್ಟಿದ್ದು ಕಾಲು. ಶೆಡ್ಡಿನ ಸಿಮೆಂಟ್ ನೆಲದ ಮೇಲೆ ಮೂರೂ ಕಾಲದಲ್ಲಿ (ವೇಗದಲ್ಲಿ) ತಟ್ಟಡವು ಎಂಬ ಮೊದಲ ಪಾಠದ ಹೆಜ್ಜೆ ಹೊಡೆದು ಮೊಣಕಾಲ ಕೆಳಗಿನ ಮೂಳೆ ಹಿಡಿದುಕೊಂಡಿತು. ಮೂರು ವಾರ ಕೆಲಸವಿಲ್ಲ, ಸಂಬಳವೂ ಇಲ್ಲ. ರಬ್ಬರ್ ಶೀಟ್ ಹಾಸಿ ನೋಡಿದೆ. ನೋವು ಇಳಿಯಿತು, ಆದರೆ ಹೆಜ್ಜೆಯ ಸದ್ದೇ ಸತ್ತುಹೋಯಿತು. ಕೊನೆಗೆ ಮಿಷನ್ ಬಂದ ಪ್ಯಾಕಿಂಗ್ ಪೆಟ್ಟಿಗೆ ಒಡೆದು, ಅದರ ರೀಪರ್ (ಮರದ ಪಟ್ಟಿ) ಮೇಲೆ 12 ಎಂಎಂ ಪ್ಲೈವುಡ್ ಹೊಡೆದೆ. ಖರ್ಚು ಸಾವಿರದ ಆಸುಪಾಸು.  ಕಾರ್ಯಕ್ರಮದ ಅತಿ ಉದ್ದದ ನೃತ್ಯವಾದ ವರ್ಣವನ್ನು ಪೂರಾ, ಸುಮಾರು 40 ನಿಮಿಷ, ಆ ಹಲಗೆ ಮೇಲೆ ದಿನಕ್ಕೆರಡು ಸಲ ಹೊಡೆದರೂ ಕಾಲು ನೋಯಲಿಲ್ಲ.

ದುಡ್ಡು ಉಳಿಸಲು ಹೋಗಿ ದುಡ್ಡು ಕಳೆದದ್ದು ಮೇಳದ ಬದಲು ಮಾಡಿಸಿದ ಹಾಡಿನ ರೆಕಾರ್ಡಿಂಗಿನಲ್ಲಿ. ಸ್ಟುಡಿಯೋಗೆ ಎಂಟು ಸಾವಿರ ಸುರಿದೆ. ಒಂದೇ ಸಾಲನ್ನು ಅಭಿನಯದಲ್ಲಿ ಬಿಡಿಸಿ ತೋರಿಸುವ ಸಂಚಾರಿಯಲ್ಲಿ ನಾನು ಒಂದು ಆವರ್ತ (ತಾಳದ ಒಂದು ಸುತ್ತು) ಜಾಸ್ತಿ ನಿಂತರೆ ಪೆನ್‌ಡ್ರೈವ್ ಕಾಯುತ್ತಾ? ಎರಡು ತಾಲೀಮಿಗೇ ಬಿಟ್ಟೆ.

ಆಮೇಲೆ ಚೀಟಿ. ತಿಂಗಳಿಗೆ ಎರಡು ಸಾವಿರ, 25 ಜನ. ಆರನೇ ತಿಂಗಳಿಗೇ ಕೂಗಿದೆ, ಕೈಗೆ ಬಂದಿದ್ದು 41 ಸಾವಿರವೋ ಏನೋ. ಅದು ಹೆಚ್ಚುಕಮ್ಮಿ ಮೇಳಕ್ಕೇ ಹೋಯಿತು. ಮೃದಂಗದವರು ಅಷ್ಟಕ್ಕೆ ಹೇಗೆ ಒಪ್ಪಿದರು ಅಂತ ಕೇಳಬೇಡಿ. ಹಾಲ್ ಬೆಳಗಿನ ಹೊತ್ತಿಗೆ ಹಿಡಿದೆ, ಬಾಡಿಗೆ ಅರ್ಧ. ಉಳಿದದ್ದು ಓವರ್‌ಟೈಮ್. ಅಪ್ಪನ ಆಸೆಯೂ ನೆರವೇರಿತು.

ಡ್ರೆಸ್ ಅಮ್ಮ ಹೊಲಿದರು. ಮೊದಲನೆಯದು, ಮಂಡಿ ಬಾಗಿಸಿ ಅರ್ಧ ಕೂರುವ ಅರೆಮಂಡಿಗೆ ಕೂತರೆ ನೆರಿಗೆ ಬಿಚ್ಚಲೇ ಇಲ್ಲ. ಕಾಲರ್‌ಗೆ ಹಾಕುವ ಕ್ಯಾನ್ವಾಸ್ ಒಳಗಿಟ್ಟು ಮತ್ತೆ ಹೊಲಿದರು. ಬೀಸಣಿಗೆಯ ಹಾಗೆ ಬಿಚ್ಚಿತು. ಈಗ ಕ್ಲಾಸಿನ ಮೂವರು ಅಮ್ಮನಿಗೆ ಅಳತೆ ಕೊಟ್ಟಿದ್ದಾರೆ, ಅದೇ ಐದು ಲಕ್ಷದವರು!

ಅಪ್ಪ ಕಾರ್ಯಕ್ರಮಕ್ಕೆ ಬಂದರು, ಎರಡನೇ ನೃತ್ಯ ಜತಿಸ್ವರಕ್ಕೇ ಎದ್ದು ಹೋದರು. ಲೋಡ್ ಬಂದಿತ್ತಂತೆ. ಹಲಗೆ ಈಗ ಮನೆಯಲ್ಲಿದೆ. ಅದರ ಮೇಲೆ ಅಕ್ಕಿ ಮೂಟೆ ಇಟ್ಟಿದ್ದಾರೆ. ಅಭ್ಯಾಸಕ್ಕೆ ಇಳಿಸಿಕೊಡಿ ಅಂದರೆ ಹಮಾಲಿ ಕೇಳುತ್ತಾರೆ.